ಪತ್ತು, ಸಾಲ, ಋಣ: ಬೆಳ್ಳಾರೆ ಸೀಮೆಯ ವಿದ್ಯಾರ್ಥಿಯ ಲೆಕ್ಕಪತ್ರವನ್ನು ಕುರಿತು ಒಂದು ವಿಮರ್ಶೆ

1

ವಿಮರ್ಶೆಗೆ ಯೋಗ್ಯವಾದ ಬರಹಗಳೆಂದರೆ ಕಾವ್ಯ, ನಾಟಕ, ಕಾದಂಬರಿಗಳೇ ಎಂದು ನಾವು ರೂಢಿಯಾಗಿ ತಿಳಿದುಕೊಂಡಿದ್ದೇವೆ. ಆದರೆ ಒಬ್ಬ ವ್ಯಕ್ತಿಯ ನಡತೆಯನ್ನು ವರ್ಣಿಸುವ, ಆ ವರ್ಣನೆಯ ಬಲದಿಂದ ಅವನ ಮುಂದಿನ ಬಾಳಿನ ಮೇಲೆ ತೀರ್ಪನ್ನೂ ಕೊಡುವ, ಆದರೂ ಸಾಮಾನ್ಯವಾಗಿ ಆ ವ್ಯಕ್ತಿಯೇ ಓದದೆ ಉಳಿಯುವ ಒಂದು ಬಗೆಯ ಬರಹ ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಸಾಲಮಾಹಿತಿ ಸಂಸ್ಥೆಗಳು ಸಿದ್ಧಪಡಿಸುವ ‘ಕ್ರೆಡಿಟ್ ರಿಪೋರ್ಟ್’ ಎಂಬುದೇ ಆ ಬರಹ. ಹದಿನೆಂಟು ತುಂಬಿದ ವಿದ್ಯಾರ್ಥಿ ಬ್ಯಾಂಕಿನ ಮೆಟ್ಟಿಲನ್ನು ಹತ್ತಿದ ಮೊದಲ ದಿನವೇ ಈ ಬರಹ ಅವನಿಗಿಂತ ಮುಂದಾಗಿ ಮೇಜಿನ ಆಚೆ ಕುಳಿತಿರುತ್ತದೆ.

ಇದನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸುವ ಕೆಲಸ ನಮ್ಮದಲ್ಲ. ಭಾಷಾಸಾಹಿತ್ಯಗಳ ಅಭ್ಯಾಸಿಗಳಾದ ನಾವು ಅದನ್ನು ಒಂದು ಬರಹವೆಂದೇ ಹಿಡಿದು, ಅದು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ, ಯಾರ ಕೈಯಿಂದ ಯಾರಿಗಾಗಿ ಬರೆಯಲ್ಪಡುತ್ತದೆ ಎಂಬುದನ್ನು ನೋಡಬಯಸುತ್ತೇವೆ. ವಿಚಾರವು ನೆಲೆಯಿಲ್ಲದೆ ಹೋಗದಿರಲೆಂದು ಒಂದು ಸೀಮೆಯನ್ನು ಆರಿಸಿಕೊಂಡಿದ್ದೇವೆ. ಅದು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಬೆಳ್ಳಾರೆ. ಈ ಆಯ್ಕೆಗೆ ಎರಡು ಕಾರಣಗಳಿವೆ. ಒಂದು, ಹಣದ ಲೆಕ್ಕ ಮತ್ತು ಜನರ ನಂಬಿಕೆ ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆದ ಘಟನೆಯೊಂದು 1837ರಷ್ಟು ಹಿಂದೆಯೇ ಇಲ್ಲಿ ನಡೆದುಹೋಗಿದೆ. ಎರಡು, ಬೆಳ್ಳಾರೆಯ ಮಗ್ಗುಲಿನ ಪೆರುವಾಜೆಯಲ್ಲಿರುವ ಸರಕಾರಿ ಪ್ರಥಮ ದರ್ಜೆ ಕಾಲೇಜು ಡಾ. ಕೆ. ಶಿವರಾಮ ಕಾರಂತರ ಹೆಸರನ್ನು ಹೊತ್ತಿದೆ. ಸಾಲವೆಂಬುದು ಮನುಷ್ಯನನ್ನು ಏನು ಮಾಡಬಲ್ಲುದೆಂಬುದನ್ನು 1933ರ ‘ಚೋಮನ ದುಡಿ’ಯಲ್ಲಿ ತೋರಿಸಿದವರು ಆ ಕಾರಂತರೇ. ಅವರ ಹೆಸರಿನ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿ ತನ್ನ ಲೆಕ್ಕಪತ್ರವನ್ನು ಹೇಗೆ ಓದಬೇಕೆಂಬ ಪ್ರಶ್ನೆ ಅಪ್ರಸ್ತುತವಾಗಲಾರದು.

2

ಮೊದಲು ಶಬ್ದವಿಚಾರ. ಇಂಗ್ಲಿಷಿನ ‘ಕ್ರೆಡಿಟ್’ ಎಂಬ ಮಾತು ಲ್ಯಾಟಿನ್ ಭಾಷೆಯ, ನಂಬು ಎಂಬ ಅರ್ಥದ ಧಾತುವಿನಿಂದ ಬಂದುದು. ಅದಕ್ಕೆ ಸಮನಾದ ಮಾತು ನಮ್ಮಲ್ಲಿ ಇಲ್ಲದಿಲ್ಲ. ‘ಪತ್ತು’ ಎಂಬುದೇ ಅದು. ಕೃಷಿ ಪತ್ತಿನ ಸಹಕಾರ ಸಂಘ ಎಂಬ ಫಲಕವನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದಾರೆ. ಅಲ್ಲಿಯ ‘ಪತ್ತು’ ಎಂದರೆ ಒಬ್ಬನ ಮಾತಿಗೆ ಊರಿನಲ್ಲಿರುವ ಬೆಲೆ. ‘ಸಾಲ’ವಾದರೋ ಆ ಬೆಲೆಯ ಮೇಲೆ ತಂದ ಹಣ. ‘ಋಣ’ವು ಇವೆರಡಕ್ಕಿಂತಲೂ ವ್ಯಾಪಕವಾದ ಮಾತು; ಹಣ ತೀರಿದರೂ ತೀರದೆ ಉಳಿಯುವ ಸಂಬಂಧವನ್ನೂ ಅದು ಒಳಗೊಳ್ಳುತ್ತದೆ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ಯಾರೂ ಬಡ್ಡಿಯನ್ನು ಎಣಿಸುವುದಿಲ್ಲ.

ಈಗ ಬ್ಯಾಂಕುಗಳ ಕನ್ನಡ ಪ್ರಕಟಣೆಗಳಲ್ಲಿ ‘ಕ್ರೆಡಿಟ್ ಹಿಸ್ಟರಿ’ ಎಂಬುದಕ್ಕೆ ‘ಸಾಲದ ಇತಿಹಾಸ’ ಎಂಬ ಅನುವಾದ ನಡೆಯುತ್ತಿದೆ. ಮೇಲುನೋಟಕ್ಕೆ ಇದು ದುರ್ಬಲವಾದ ಅನುವಾದ. ನಂಬಿಕೆಯೆಂಬ ಮೂಲಾರ್ಥ ಅದರಲ್ಲಿ ಸೋರಿಹೋಗಿದೆ. ‘ಪತ್ತಿನ ಚರಿತ್ರೆ’ ಎಂದಿದ್ದರೆ ಲೇಸಾಗುತ್ತಿತ್ತೆಂದು ಯಾರಾದರೂ ವಾದಿಸಬಹುದು. ಆದರೆ ಆ ಬರಹದ ಒಳಗನ್ನು ಪರಿಶೀಲಿಸಿದಾಗ ನಮಗೆ ಕಂಡುಬರುವುದು ಇದಕ್ಕೆ ವಿಪರೀತವಾದ ಸಂಗತಿ. ಆ ಲೆಕ್ಕಪತ್ರದಲ್ಲಿರುವುದು ಹೆಸರು, ಹುಟ್ಟಿದ ದಿನ, ವಿಳಾಸ, ಪಾನ್ ಮುಂತಾದ ಗುರುತುಗಳು, ತೆಗೆದುಕೊಂಡ ಸಾಲಗಳು, ತಿಂಗಳು ತಿಂಗಳಿನ ಮರುಪಾವತಿಯ ವಿವರ, ಹೊಸ ಸಾಲಕ್ಕಾಗಿ ಯಾವ ಸಂಸ್ಥೆ ಯಾವಾಗ ವಿಚಾರಿಸಿತೆಂಬ ಪಟ್ಟಿ, ಮುಖ್ಯವಾಗಿ ಇಷ್ಟೆ. ಉಳಿತಾಯವಿಲ್ಲ, ಕೊಟ್ಟ ಮಾತನ್ನು ಬೇರೆ ವಿಧದಲ್ಲಿ ಉಳಿಸಿಕೊಂಡ ಯಾವ ಸಾಕ್ಷ್ಯವೂ ಇಲ್ಲ. ಹೀಗಿರಲು, ನಂಬಿಕೆಯ ಚರಿತ್ರೆಯೆಂದು ಹೇಳಿಕೊಳ್ಳುವ ಮೂಲವೇ ಅತ್ಯುಕ್ತಿಯಾಗಿದ್ದು, ಸಾಲದ ಇತಿಹಾಸವೆನ್ನುವ ಅನುವಾದವೇ ಸತ್ಯಕ್ಕೆ ಹತ್ತಿರವಾಗಿದೆಯೆಂದು ಒಪ್ಪಬೇಕಾಗುತ್ತದೆ. ಅನುವಾದಕನು ಅರಿತು ಮಾಡಿದನೋ ಅರಿಯದೆ ಮಾಡಿದನೋ, ಮೂಲದ ಮುಸುಕನ್ನು ತೆಗೆದಿದ್ದಾನೆ.

ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಿಬಿಡಬಹುದು. ಅಂಕವು 300ರಿಂದ 900ರವರೆಗೆ ಇರುತ್ತದೆ. ಇದುವರೆಗೆ ಸಾಲವನ್ನೇ ಮಾಡದವನಿಗೆ ಸಿಬಿಲ್ ಪದ್ಧತಿಯಲ್ಲಿ –1 ಎಂದು ಬರೆಯುವ ರೂಢಿ ಬೆಳೆದುಬಂದಿದೆ. ನಮ್ಮ ಗಣಿತದ ಪಠ್ಯಗಳಲ್ಲಿ ಆ ಗೆರೆಗೆ ‘ಋಣ ಚಿಹ್ನೆ’ಯೆಂದೇ ಹೆಸರು. ಯಾರಿಗೂ ಏನನ್ನೂ ಕೊಡಬೇಕಾಗಿಲ್ಲದ ವಿದ್ಯಾರ್ಥಿಗೆ ‘ಋಣ ಒಂದು’ ಎಂಬ ಅಂಕಿತ ದೊರೆಯುವುದು ಶ್ಲೇಷವೇ ಆದರೂ, ಅವನು ಬ್ಯಾಂಕಿನಲ್ಲಿ ಅನುಭವಿಸುವ ಕಷ್ಟ ಶ್ಲೇಷವಲ್ಲ.

3

ಬೆಳ್ಳಾರೆಯ ಪೂರ್ವಕಥೆಗೆ ಬರೋಣ. ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ರೈತನು ಕಂದಾಯವನ್ನು ಬೆಳೆಯ ರೂಪದಲ್ಲಿ ತೆರುತ್ತಿದ್ದನು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡು ಈ ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದ ಮೇಲೆ ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂಬ ಕಟ್ಟಳೆ ಬಂದಿತು. ಬೆಳೆಯಿದ್ದು ನಾಣ್ಯವಿಲ್ಲದ ರೈತನು ಅಗ್ಗಕ್ಕೆ ಮಾರಬೇಕು, ಇಲ್ಲವೆ ಸಾಹುಕಾರನಲ್ಲಿ ಸಾಲ ಮಾಡಬೇಕು. ಈ ಅಸಮಾಧಾನವೂ ಸೇರಿ 1837ರಲ್ಲಿ ಎದ್ದ ದಂಗೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನಾಯಕತ್ವದಲ್ಲಿ ಜನರು ಬೆಳ್ಳಾರೆಯಲ್ಲಿದ್ದ ಸರಕಾರದ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದರು. ದಂಗೆ ಕೆಲವೇ ದಿನಗಳಲ್ಲಿ ಅಡಗಿತು.

ಈ ಘಟನೆಯ ರಾಜಕೀಯ ಮಹತ್ತ್ವವನ್ನು ಇತಿಹಾಸಕಾರರು ವಿವೇಚಿಸಿದ್ದಾರೆ. ನಮ್ಮ ಪ್ರಕೃತ ವಿಷಯಕ್ಕೆ ಅದರಿಂದ ದೊರೆಯುವ ಅಂಶ ಬೇರೆ. ರೈತನ ಶಕ್ತಿ ಕಡಮೆಯಾದುದರಿಂದ ಅವನು ಬಡವನಾಗಲಿಲ್ಲ. ಅವನ ಶಕ್ತಿಯನ್ನು ಅಳೆಯುವ ಕೊಳಗ ಬದಲಾದುದರಿಂದ ಬಡವನಾದನು. ಕಣದಲ್ಲಿ ಭತ್ತವಿದ್ದವನು ಖಜಾನೆಯ ಪುಸ್ತಕದಲ್ಲಿ ಬಾಕಿದಾರನೆನಿಸಿದನು. ಅಳತೆಯ ಬದಲಾವಣೆಯೇ ಒಂದು ಬಗೆಯ ಆಳ್ವಿಕೆಯೆಂಬ ಈ ಪಾಠವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

4

‘ಚೋಮನ ದುಡಿ’ಯನ್ನು ಅಸ್ಪೃಶ್ಯತೆಯ ಕಾದಂಬರಿಯೆಂದು ವಿಮರ್ಶಕರು ಬಹುಮಟ್ಟಿಗೆ ಓದಿದ್ದಾರೆ, ಆ ಓದು ಸರಿಯಾದುದೇ. ಆದರೆ ಅದು ಒಂದು ಲೆಕ್ಕದ ಪುಸ್ತಕದ ಕಥೆಯೂ ಹೌದೆಂಬುದು ಸಾಕಷ್ಟು ಗಮನಕ್ಕೆ ಬಂದಂತಿಲ್ಲ. ಚೋಮನಿಗೆ ಎರಡು ಆಸೆ–ಭಾರಗಳು. ಒಂದು, ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೇ ಬೇಸಾಯ ಮಾಡಬೇಕೆಂಬ ಆಸೆ. ಇನ್ನೊಂದು, ಘಟ್ಟದ ಕಾಫಿ ತೋಟದವರ ಸಾಲವೆಂಬ ಭಾರ. ಭೂಮಿಯನ್ನು ಕೊಡಲು ಒಡೆಯ ಸಂಕಪ್ಪಯ್ಯನ ಮನಸ್ಸು ಅರ್ಧ ಒಪ್ಪಿದರೂ ಮನೆಯ ಆಚಾರ ಒಪ್ಪುವುದಿಲ್ಲ. ಸಾಲವನ್ನು ತೀರಿಸಲು ಮಕ್ಕಳು ತೋಟಕ್ಕೆ ಹೋಗುತ್ತಾರೆ. ಹೋದ ಗಂಡುಮಕ್ಕಳಿಂದ ಸಾಲವೂ ತೀರುವುದಿಲ್ಲ, ಮಕ್ಕಳೂ ಹಿಂದಿರುಗಿ ಚೋಮನ ಗುಡಿಸಲಿಗೆ ದಕ್ಕುವುದಿಲ್ಲ. ಕೊನೆಗೆ ಬೆಳ್ಳಿಯು ಅಲ್ಲಿ ತೆತ್ತ ಬೆಲೆಯಾದರೋ ಯಾವ ಖಾತೆಯಲ್ಲಿಯೂ ಬರೆಯಲಾಗದಂಥದು.

ಇಲ್ಲಿಯ ಸಾಲದ ಲಕ್ಷಣಗಳನ್ನು ಬಿಡಿಸಿ ನೋಡಿದರೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು, ಲೆಕ್ಕವೆಲ್ಲ ಕೊಟ್ಟವನ ಕೈಯಲ್ಲಿಯೇ ಇದೆ. ಕೊಂಡವನ ಕೈಯಲ್ಲಿ ಅದರ ಪ್ರತಿಯಿಲ್ಲ, ಇದ್ದರೂ ಓದಬಲ್ಲ ವಿದ್ಯೆಯಿಲ್ಲ. ಎರಡನೆಯದು, ತಂದೆಯ ಬಾಕಿ ಮಕ್ಕಳ ಮೈಮೇಲೆ ಬರುತ್ತದೆ. ಮೂರನೆಯದು, ಚೋಮನ ನಿಷ್ಠೆ, ದುಡಿಮೆ, ಸಾಕಿದ ಎತ್ತುಗಳು ಇವಾವುವೂ ಅವನ ‘ಪತ್ತಿ’ಗೆ ಆಧಾರವಾಗುವುದಿಲ್ಲ, ಊರಿನವರೆಲ್ಲರಿಗೂ ಅವನ ಪರಿಚಯವಿದೆ, ಆ ಪರಿಚಯವೇ ಅವನಿಗೆ ಬಾಗಿಲನ್ನು ಮುಚ್ಚುತ್ತದೆ. ಮೂರನೆಯ ಅಂಶವನ್ನು ನಾವು ಒತ್ತಿ ಹೇಳಬೇಕಾಗಿದೆ. ಹಳ್ಳಿಯ ಮುಖಪರಿಚಯದ ನಂಬಿಕೆಯನ್ನು ಹೊಗಳಿ, ಪಟ್ಟಣದ ಯಂತ್ರದ ಅಂಕವನ್ನು ತೆಗಳುವುದು ಸುಲಭವಾದ ಹಾದಿ. ಆದರೆ ಮುಖಪರಿಚಯವು ಜಾತಿಯನ್ನು ಬಲ್ಲದು; ಲೆಕ್ಕಪತ್ರದಲ್ಲಿ ಜಾತಿಯ ಅಂಕಣವಿಲ್ಲ. ಇಷ್ಟರ ಮಟ್ಟಿಗೆ ಹೊಸ ಬರಹವು ಹಳೆಯ ಊರಿಗಿಂತ ನ್ಯಾಯವಾದುದೆಂದು ಒಪ್ಪದೆ ಮುಂದುವರಿಯುವ ವಿಮರ್ಶೆ ಪ್ರಾಮಾಣಿಕವಾಗಲಾರದು.

5

ಸಾಹುಕಾರನ ಪುಸ್ತಕಕ್ಕೂ ಈ ಅಂಕಕ್ಕೂ ನಡುವೆ ಇದೇ ಜಿಲ್ಲೆಯಲ್ಲಿ ಎರಡು ಶ್ರೇಷ್ಠ ಪ್ರಯೋಗಗಳು ನಡೆದವು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮೇಲೆ, 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಸ್ಥೆಗೆ ಅಡಿಪಾಯ ಹಾಕಿದರು. ಆ ಕಾಯಿದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಎಂದರೆ ಒಬ್ಬನು ತಪ್ಪಿದರೆ ಉಳಿದವರು ತೆರಬೇಕು. ಆದುದರಿಂದ ಪ್ರತಿಯೊಬ್ಬನೂ ನೆರೆಯವನ ನಡತೆಯನ್ನು ಕಾಯುವವನಾದನು, ಅಗತ್ಯವಾದಾಗ ಅವನಿಗೆ ಜಾಮೀನು ನಿಲ್ಲುವವನೂ ಆದನು. ಲೆಕ್ಕದ ಪುಸ್ತಕ ಮೊದಲ ಬಾರಿಗೆ ಸಾಲಗಾರರ ಸಭೆಯ ಮುಂದೆ ಓದಲ್ಪಡುವ ಬರಹವಾಯಿತು.

ಎರಡನೆಯದು ಪಿಗ್ಮಿ ಠೇವಣಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯು 1928ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಉಳಿಸಬಲ್ಲವನ ಮನೆಬಾಗಿಲಿಗೆ ಬ್ಯಾಂಕಿನ ಪ್ರತಿನಿಧಿಯೇ ಬಂದು ಹಣ ಪಡೆದು ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದನು. ಗೂಡಂಗಡಿಯವನು, ಮೀನು ಮಾರುವವಳು, ಬೀಡಿ ಕಟ್ಟುವವಳು, ಇವರ ದಿನದಿನದ ಶಿಸ್ತಿಗೆ ಹೀಗೆ ಒಂದು ಲಿಖಿತ ಸಾಕ್ಷ್ಯ ಹುಟ್ಟಿತು. ಆ ಪುಸ್ತಕ ಅವರ ಕೈಯಲ್ಲಿಯೇ ಇರುತ್ತಿತ್ತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯೆಂಬ ಮಾತು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಬರೆದ ಚೀಟಿಗೆ ಎಂಥ ಬಲವಿದೆಯೆಂಬುದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ ಇನ್ನೊಮ್ಮೆ ಗೊತ್ತಾಯಿತು. ವರ್ಷವರ್ಷವೂ ಗೇಣಿಯನ್ನು ಅಳೆದುಕೊಟ್ಟ ಚಾಲಗೇಣಿ ಒಕ್ಕಲಿನ ಕೈಯಲ್ಲಿ ಅದರ ರಸೀದಿಯಿದ್ದರೆ ನ್ಯಾಯಮಂಡಳಿಯ ಮುಂದೆ ಸಾಕ್ಷ್ಯ ಸುಲಭವಾಯಿತು. ಇಲ್ಲದವನು ಬಾಯಿಮಾತಿನ ಸಾಕ್ಷಿಗಳನ್ನು ಹುಡುಕಬೇಕಾಯಿತು. ತೆತ್ತುದಷ್ಟೇ ಸಾಲದು, ತೆತ್ತುದು ಬರಹದಲ್ಲಿ ಇರಬೇಕು, ಆ ಬರಹ ತೆತ್ತವನ ಕೈಗೆ ಸಿಗಬೇಕು.

6

ಈಗ ಹೊಸ ಬರಹವನ್ನೇ ತೂಗಿ ನೋಡಬಹುದು. ಭಾರತದ ಮೊದಲ ಸಾಲಮಾಹಿತಿ ಸಂಸ್ಥೆಯಾದ ಸಿಬಿಲ್ 2000ದಲ್ಲಿ ಸ್ಥಾಪಿತವಾಯಿತು. ಸಾಲಮಾಹಿತಿ ಕಂಪೆನಿಗಳ ನಿಯಂತ್ರಣ ಕಾಯಿದೆ 2005ರದು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕೆಲಸದಲ್ಲಿ ತೊಡಗಿವೆ. ಬೆಳ್ಳಾರೆ ಸೀಮೆಯ ವಿದ್ಯಾರ್ಥಿಯ ಪಾಲಿಗೆ ಇವುಗಳ ಬರಹದಲ್ಲಿ ಮೂರು ಕೊರತೆಗಳಿವೆಯೆಂದು ನಮಗೆ ತೋರುತ್ತದೆ.

ಮೊದಲನೆಯ ಕೊರತೆ ಕಾಲಮಾನದ್ದು. ಅಡಕೆಯ ತೋಟದ ಆದಾಯ ವರ್ಷದ ಲಯವನ್ನು ಅನುಸರಿಸುವುದು. ಲೆಕ್ಕಪತ್ರದ ಲಯ ತಿಂಗಳಿನದು. ರಿಸರ್ವ್ ಬ್ಯಾಂಕಿನ ನಿಯಮವೇ ಇದನ್ನು ಅರ್ಧ ಬಲ್ಲುದು: ದೀರ್ಘಾವಧಿಯ ಬೆಳೆಗೆ ಕೊಟ್ಟ ಸಾಲ ಒಂದು ಬೆಳೆಗಾಲದಷ್ಟು ಬಾಕಿ ನಿಂತ ಮೇಲೆಯೇ ಅದನ್ನು ಅನುತ್ಪಾದಕವೆಂದು ಗಣಿಸಲಾಗುತ್ತದೆ, ಸಾಮಾನ್ಯ ಸಾಲಕ್ಕಾದರೆ 90 ದಿನಗಳ ಮಿತಿ. ಆದರೆ ಅದೇ ತೋಟದ ಆದಾಯದಿಂದ ತೀರಬೇಕಾದ ಮಗಳ ವಿದ್ಯಾಭ್ಯಾಸದ ಸಾಲ ಎರಡನೆಯ ಗುಂಪಿಗೇ ಸೇರುತ್ತದೆ. ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ತೋಟವನ್ನೇ ಕಳೆದುಕೊಂಡ ಕುಟುಂಬಗಳಿಗೆ ಈ ಭೇದ ಬರಿಯ ಪರಿಭಾಷೆಯ ಮಾತಲ್ಲ. 1837ರ ಕೊಳಗದ ಪಾಠವನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

ಎರಡನೆಯ ಕೊರತೆ ಉಳಿತಾಯದ ವಿಷಯದಲ್ಲಿ. ಪಿಗ್ಮಿಯನ್ನು ಕಂಡುಹಿಡಿದ ಜಿಲ್ಲೆಯಲ್ಲಿ, ಹತ್ತು ವರ್ಷ ಒಂದು ದಿನವೂ ತಪ್ಪದೆ ಠೇವಣಿ ಕಟ್ಟಿದ ತಾಯಿಯ ಶಿಸ್ತಿಗೆ ಅಂಕದಲ್ಲಿ ಸ್ಥಾನವಿಲ್ಲ. ಕಂತಿನ ಮೇಲೆ ದೂರವಾಣಿಯೊಂದನ್ನು ಕೊಂಡು ಹಣ ಕಟ್ಟಿದವನಿಗೆ ಸ್ಥಾನವಿದೆ. ಮೂರನೆಯದು ಮೌನದ ಕೊರತೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ಸೇರಿದವಲ್ಲ. 2005ರ ಕಾಯಿದೆ ಹೆಸರಿಸುವ ಸಾಲಸಂಸ್ಥೆಗಳಲ್ಲಿಯೂ ಅವುಗಳ ಎಣಿಕೆಯಿಲ್ಲ. ಆದುದರಿಂದ ತಲೆಮಾರುಗಳಿಂದ ಸಂಘದ ಸಾಲವನ್ನು ಗಡುವಿಗೆ ಮುಂಚೆಯೇ ತೀರಿಸಿದ ಮನೆತನವೂ ನಾಲ್ಕು ಸಂಸ್ಥೆಗಳ ದೃಷ್ಟಿಯಲ್ಲಿ ಚರಿತ್ರೆಯಿಲ್ಲದ ಮನೆತನವಾಗಬಹುದು. ಬರಹದಲ್ಲಿಲ್ಲದುದು ಲೋಕದಲ್ಲಿಯೂ ಇಲ್ಲವೆಂದು ಭಾವಿಸುವುದು ಎಳೆಯ ಸಂಶೋಧಕರು ಮಾಡುವ ತಪ್ಪು. ಸಂಸ್ಥೆಗಳು ಅದನ್ನು ಮಾಡಬಾರದು.

ಈ ಮೂರನೆಯ ಕೊರತೆ ಆಳುವವರ ಗಮನಕ್ಕೆ ಬಾರದೆ ಹೋಗಿಲ್ಲ. ವಿದ್ಯಾರ್ಥಿಯ ಅಂಕ ಕಡಮೆಯಿದೆಯೆಂಬ ಒಂದೇ ಕಾರಣದಿಂದ ವಿದ್ಯಾಭ್ಯಾಸದ ಸಾಲವನ್ನು ನಿರಾಕರಿಸಲಾಗದೆಂದು ಕೇರಳ ಉಚ್ಚ ನ್ಯಾಯಾಲಯ 2023ರಲ್ಲಿ ಅಭಿಪ್ರಾಯಪಟ್ಟಿತು. ಮೊದಲ ಸಲ ಸಾಲ ಕೇಳುವವನ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಮಾತ್ರಕ್ಕೆ ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ಸಾಲಸಂಸ್ಥೆಗಳಿಗೆ ಸಲಹೆಯಿತ್ತಿದೆ.

7

ಹಾಗಾದರೆ ವಿದ್ಯಾರ್ಥಿಯು ಏನು ಮಾಡಬೇಕು? ಚರಿತ್ರೆಯನ್ನು ಕಟ್ಟಿಕೊಳ್ಳಲೆಂದೇ ಸಾಲ ಮಾಡಬೇಕೆಂಬ ಉಪದೇಶ ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ನಾವು ಒಪ್ಪಲಾರೆವು. ಕವಿಯೆನಿಸಿಕೊಳ್ಳಲೆಂದು ಬರೆದ ಕವಿತೆಯಂತೆ, ಸಾಲಗಾರನೆನಿಸಿಕೊಳ್ಳಲೆಂದು ಮಾಡಿದ ಸಾಲವೂ ಹುಸಿ. ಅಲ್ಲದೆ ಅಂಗೈಯಲ್ಲಿನ ದೂರವಾಣಿಯ ಮೂಲಕ ಕ್ಷಣದಲ್ಲಿ ದೊರೆಯುವ ಸಣ್ಣ ಸಾಲಗಳು ಚರಿತ್ರೆಯನ್ನು ಕಟ್ಟುವುದಕ್ಕಿಂತ ಕೆಡಿಸುವುದೇ ಹೆಚ್ಚು. ಐನೂರು ರೂಪಾಯಿಯ ಮರೆತ ಬಾಕಿ ಐದು ಲಕ್ಷದ ಸಾಲಕ್ಕೆ ಅಡ್ಡವಾಗಿ ನಿಲ್ಲಬಲ್ಲುದು.

ಆದರೆ ನಿಜವಾದ ಅಗತ್ಯಕ್ಕೆ ಮಾಡುವ ಸಾಲದ ಮಾತು ಬೇರೆ. ಹದಿನೆಂಟು ತುಂಬದವನ ಕರಾರಿಗೆ ಬಲವಿಲ್ಲವೆಂದು 1872ರ ಕರಾರು ಕಾಯಿದೆಯೂ 1903ರ ಪ್ರಿವಿ ಕೌನ್ಸಿಲ್ ತೀರ್ಪೂ ಗೊತ್ತುಮಾಡಿವೆ. ಆದುದರಿಂದ ಚರಿತ್ರೆಯ ಮೊದಲ ಪುಟ ಕಾಲೇಜಿನ ಮೊದಲ ವರ್ಷಗಳಲ್ಲಿಯೇ ತೆರೆಯುತ್ತದೆ. ಹಲವರಿಗೆ ಆ ಪುಟ ವಿದ್ಯಾಭ್ಯಾಸದ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಂತೆ ವ್ಯಾಸಂಗದ ಕಾಲ ಮತ್ತು ಅನಂತರದ ಒಂದು ವರ್ಷ ಮರುಪಾವತಿಗೆ ವಿರಾಮವಿದೆ. ಆದರೆ ಬಡ್ಡಿಗೆ ವಿರಾಮವಿಲ್ಲ. ಅದು ಮಳೆಗಾಲದ ತೋಡಿನಂತೆ ಸದ್ದಿಲ್ಲದೆ ಏರುತ್ತದೆ. ತಂದೆ ಅಥವಾ ತಾಯಿ ಸಹಸಾಲಗಾರರಾಗುವುದರಿಂದ ಮಗನು ತಪ್ಪಿದ ಕಂತು ಅವರ ಪುಟದಲ್ಲಿಯೂ ಬೀಳುತ್ತದೆ. ಚೋಮನ ಕಾಲದಲ್ಲಿ ತಂದೆಯ ಸಾಲ ಮಕ್ಕಳ ಮೇಲೆ ಬರುತ್ತಿತ್ತು. ಈಗ ಮಕ್ಕಳ ಸಾಲ ತಂದೆಯ ಮೇಲೂ ಬರುತ್ತದೆ. ಗೆಳೆಯನ ಸಾಲಕ್ಕೆ ದಾಕ್ಷಿಣ್ಯದಿಂದ ಹಾಕಿದ ಜಾಮೀನಿನ ರುಜುವೂ ಅದೇ ಪುಟವನ್ನು ಸೇರುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು.

ಸಾಲದ ಅಗತ್ಯವಿಲ್ಲದೆಯೂ ಮುಂದಿನ ದಿನಗಳಿಗಾಗಿ ಗುರುತು ಬೇಕೆನ್ನುವವನಿಗೆ, ತನ್ನದೇ ನಿಗದಿತ ಠೇವಣಿಯ ಆಧಾರದ ಮೇಲೆ ಬ್ಯಾಂಕುಗಳು ಕೊಡುವ ಕಾರ್ಡು ಕಡಮೆ ಅಪಾಯದ ಹಾದಿ. ಅದರಿಂದ ಪುಸ್ತಕ, ಬಸ್ಸಿನ ಖರ್ಚುಗಳಷ್ಟನ್ನೇ ಮಾಡಿ, ಗಡುವಿನೊಳಗೆ ಪೂರ್ತಿ ಹಣವನ್ನು ಕಟ್ಟಿದರೆ ಬಡ್ಡಿಯೂ ಇಲ್ಲ, ಬರಹವೂ ಶುದ್ಧ. ‘ಕನಿಷ್ಠ ಮೊತ್ತ’ವೆಂದು ಬಿಲ್ಲಿನಲ್ಲಿ ಅಚ್ಚಾಗುವ ಅಂಕಿಯನ್ನು ನಂಬಿ ಅಷ್ಟನ್ನೇ ಕಟ್ಟುವವನು ಮಾತ್ರ ತೋಟದ ರೈಟರನ ಪುಸ್ತಕಕ್ಕೆ ತಾನಾಗಿಯೇ ಹೆಸರು ಬರೆಸಿಕೊಂಡಂತೆ.

ಎಲ್ಲಕ್ಕಿಂತ ಮುಖ್ಯವಾದುದು ಓದುವ ಹಕ್ಕು. ತನ್ನ ಲೆಕ್ಕಪತ್ರದ ಪ್ರತಿಯನ್ನು ಪಡೆಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು 2005ರ ಕಾಯಿದೆ ಕೊಟ್ಟಿದೆ. ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿ ವಿಧಿಸಿತು. ದೂರನ್ನು 30 ದಿನಗಳೊಳಗೆ ಇತ್ಯರ್ಥಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಹೆಸರಿನ ಕಾಗುಣಿತ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆಯಾಗಿರುವ, ಮನೆತನದ ಹೆಸರನ್ನು ಒಮ್ಮೆ ಹಿಂದೆ ಒಮ್ಮೆ ಮುಂದೆ ಬರೆಯುವ ನಮ್ಮ ಸೀಮೆಯಲ್ಲಿ ಒಬ್ಬನ ಸಾಲ ಇನ್ನೊಬ್ಬನ ಪುಟಕ್ಕೆ ಬೀಳುವ ಸಂಭವ ಕಡಮೆಯಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಶಿಕ್ಷಣವನ್ನು ಕೊಡುವ ವಿಭಾಗಗಳು, ವಿದ್ಯಾರ್ಥಿಗೆ ಅವನದೇ ಹೆಸರಿನ ಈ ನಾಲ್ಕು ಪ್ರತಿಗಳನ್ನು ಹೋಲಿಸಿ ಓದುವುದನ್ನೂ ಕಲಿಸಿದರೆ ಅನುಚಿತವೇನಲ್ಲ.

8

ನಮ್ಮ ತೀರ್ಮಾನವನ್ನು ಸಂಗ್ರಹಿಸಿ ಹೇಳುವುದಾದರೆ: ಈ ಹೊಸ ಬರಹ ಚೋಮನ ಕಾಲದ ಪುಸ್ತಕಕ್ಕಿಂತ ಎರಡು ವಿಷಯಗಳಲ್ಲಿ ಮೇಲು. ಅದು ಜಾತಿಯನ್ನು ಕೇಳುವುದಿಲ್ಲ. ಕೇಳಿದವನಿಗೆ ತನ್ನ ಪ್ರತಿಯನ್ನು ಕೊಡುತ್ತದೆ. 1909ರ ಸಂಘಕ್ಕಿಂತಲೂ 1928ರ ಪಿಗ್ಮಿ ಪುಸ್ತಕಕ್ಕಿಂತಲೂ ಅದು ಒಂದು ವಿಷಯದಲ್ಲಿ ಕೀಳು. ಸಾಲ ಮಾಡಿದವನ ಪ್ರಾಮಾಣಿಕತೆಯನ್ನಷ್ಟೇ ಅದು ಬಲ್ಲುದು, ಸಾಲ ಮಾಡದೆ ಬಾಳಿದವನ ಪ್ರಾಮಾಣಿಕತೆಗೆ ಅದರಲ್ಲಿ ಲಿಪಿಯಿಲ್ಲ. ಪತ್ತಿನ ಸಂಘದ ಸದಸ್ಯನು ಬಯಸಿದರೆ ಅವನ ಮರುಪಾವತಿಯ ದಾಖಲೆಯನ್ನು, ಠೇವಣಿದಾರನು ಬಯಸಿದರೆ ಅವನ ಉಳಿತಾಯದ ದಾಖಲೆಯನ್ನು ಈ ಬರಹದೊಳಕ್ಕೆ ತರುವ ಮಾರ್ಗವನ್ನು ಶಾಸನಕರ್ತರು ಕಲ್ಪಿಸಬೇಕು. ಅಲ್ಲಿಯವರೆಗೆ ಬ್ಯಾಂಕಿನ ಅಧಿಕಾರಿಯು ಅಂಕವನ್ನು ಓದಿದ ಮೇಲೆ ಸಂಘದ ಪಾಸ್‌ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಅವನ ವಿವೇಕಕ್ಕೆ ಸೇರಿದ ಕರ್ತವ್ಯ. ಅದನ್ನು ಅವನ ಮುಂದಿಡುವುದು ವಿದ್ಯಾರ್ಥಿಗೆ ಸೇರಿದ ಕರ್ತವ್ಯ.